ಟರ್ಮಿನಲ್ ಮುಚ್ಚಿದ ಮೇಲೂ ಓಡಬೇಕು

ಸ್ವಂತ ಸರ್ವರ್‌ನಲ್ಲಿ ಆ್ಯಪ್ ಹಾಕಿಕೊಂಡವರು ಈ ಅಂಕಣಕ್ಕೆ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ರಾತ್ರಿ ಕೂತು ಎಲ್ಲ ಹೊಂದಿಸಿದ್ದಾಯಿತು, ಬ್ರೌಸರ್‌ನಲ್ಲಿ ಪುಟ ತೆರೆದುಕೊಂಡಿತು, ಗೆಳೆಯರಿಗೆ ಲಿಂಕ್ ಕಳಿಸಿದ್ದೂ ಆಯಿತು. ಬೆಳಿಗ್ಗೆ ನೋಡಿದರೆ ಪುಟವೇ ಇಲ್ಲ. ಸರ್ವರ್ ಕೆಟ್ಟಿಲ್ಲ, ನೆಟ್ ಹೋಗಿಲ್ಲ, ಬಾಡಿಗೆಯೂ ಕಟ್ಟಿದೆ. ಹಾಗಾದರೆ ಆ್ಯಪ್ ಎಲ್ಲಿಗೆ ಹೋಯಿತು?

ಅದು ನಿಂತುಹೋಗಿದ್ದು ಲ್ಯಾಪ್‌ಟಾಪ್ ಮುಚ್ಚಿದಾಗಲೇ. ಎಸ್‌ಎಸ್‌ಎಚ್ ಮೂಲಕ ಸರ್ವರ್‌ಗೆ ಲಾಗಿನ್ ಆಗಿ ಟರ್ಮಿನಲ್‌ನಲ್ಲಿ ಶುರು ಮಾಡಿದ ಪ್ರೋಗ್ರಾಮ್ ಆ ಟರ್ಮಿನಲ್ಲಿಗೆ ಕಟ್ಟಿಕೊಂಡೇ ಇರುತ್ತದೆ. ಸಂಪರ್ಕ ಕಡಿದರೆ ಲಿನಕ್ಸ್ ಅದಕ್ಕೆ ‘ಸಿಗ್‌ಹಪ್’ ಎಂಬ ಸಂಕೇತ ಕಳಿಸುತ್ತದೆ. ಟೆಲಿಫೋನ್ ಲೈನಿನ ಮೇಲೆ ಮೋಡೆಮ್ ಇಟ್ಟು ಕೆಲಸ ಮಾಡುತ್ತಿದ್ದ ಕಾಲದಲ್ಲಿ ಬಂದ ಪದ್ಧತಿ ಇದು. ಆ ಕಡೆಯವರು ಫೋನ್ ಇಟ್ಟರೆ ಈ ಕಡೆ ಅವರು ಓಡಿಸುತ್ತಿದ್ದ ಕೆಲಸವೂ ನಿಲ್ಲಬೇಕು. ಬೇರೆ ಏರ್ಪಾಟು ಮಾಡಿಕೊಳ್ಳದ ಪ್ರೋಗ್ರಾಮ್ ಈ ಸಂಕೇತ ಸಿಕ್ಕ ಕೂಡಲೇ ಸಾಯುತ್ತದೆ.

ಇದಕ್ಕೆ ಬಲ್ಲವರು ಥಟ್ಟನೆ ಕೊಡುವ ಮದ್ದು ‘ನೋಹಪ್’, ಇಲ್ಲವೇ ‘ಸ್ಕ್ರೀನ್’, ಇಲ್ಲವೇ ‘ಟಿಮಕ್ಸ್’. ಮದ್ದು ಸುಳ್ಳಲ್ಲ, ಒಂದು ರಾತ್ರಿ ಸಾಗುತ್ತದೆ. ಆದರೆ ಸರ್ವರ್ ರೀಬೂಟ್ ಆಯಿತೆಂದರೆ ಕಥೆ ಮತ್ತೆ ಮೊದಲಿಗೇ. ಆ್ಯಪ್ ನಡುವೆ ಕ್ರ್ಯಾಶ್ ಆದರೆ ಎಬ್ಬಿಸುವವರಿಲ್ಲ, ಯಾಕೆ ಬಿತ್ತು ಎಂದು ಹೇಳುವ ದಾಖಲೆಯೂ ಎಲ್ಲೋ ಮೂಲೆಯಲ್ಲಿ. ಸಾಲದ್ದಕ್ಕೆ 2016ರಲ್ಲಿ, ಇಂದಿನ ಬಹುಪಾಲು ಲಿನಕ್ಸ್‌ಗಳಲ್ಲಿ ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಒಂದು ಆವೃತ್ತಿ, ಬಳಕೆದಾರ ಲಾಗೌಟ್ ಆದರೆ ಅವನ ಹೆಸರಿನ ಪ್ರೋಗ್ರಾಮುಗಳನ್ನೆಲ್ಲ ಮುಗಿಸಿಬಿಡುವುದೇ ಸಹಜ ನಡವಳಿಕೆ ಎಂದು ತೀರ್ಮಾನಿಸಿ ಸ್ಕ್ರೀನ್, ಟಿಮಕ್ಸ್ ನೆಚ್ಚಿಕೊಂಡವರನ್ನು ಕೆರಳಿಸಿತ್ತು. ಡೆಬಿಯನ್‌ನವರು ತಮ್ಮಲ್ಲಿ ಅದನ್ನು ಆಫ್ ಮಾಡಿಟ್ಟರು.

ಮಾತು ಗಾಳಿಯಲ್ಲಿ ಬೇಡ, ಒಂದು ನಿಜವಾದ ಆ್ಯಪ್ ಹಿಡಿದುಕೊಳ್ಳುವುದೇ ವಾಸಿ. ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾದ ತಾಂತ್ರಿಕ ಮುಖ್ಯಸ್ಥ ಕೈಲಾಶ್ ನಾಧ್ ಬರೆದ ‘ಲಿಸ್ಟ್‌ಮಾಂಕ್’ ಇದಕ್ಕೆ ಹೇಳಿ ಮಾಡಿಸಿದಂತಿದೆ. ಚಂದಾದಾರರ ಪಟ್ಟಿ ಇಟ್ಟುಕೊಂಡು ಅವರಿಗೆ ಇಮೇಲಿನಲ್ಲಿ ಸುದ್ದಿಪತ್ರ ಕಳಿಸುವ ಮುಕ್ತ ತಂತ್ರಾಂಶ ಇದು. ಗೋ ಭಾಷೆಯಲ್ಲಿ ಬರೆದದ್ದು. ಪುಟಗಳು, ಚಿತ್ರಗಳು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಒಂದೇ ಒಂದು ಬೈನರಿ ಫೈಲ್. ಜೊತೆಗೆ ಬೇಕಾದದ್ದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಮಾತ್ರ. ಬೈನರಿಗೆ ಒಂದು ಆಜ್ಞೆ ಕೊಟ್ಟರೆ ‘ಕಾನ್ಫಿಗ್.ಟಾಮ್ಲ್’ ಎಂಬ ಸೆಟ್ಟಿಂಗ್ ಫೈಲ್ ಹುಟ್ಟುತ್ತದೆ, ಇನ್ನೊಂದು ಕೊಟ್ಟರೆ ಡೇಟಾಬೇಸಿನ ಟೇಬಲ್‌ಗಳು ತಯಾರಾಗುತ್ತವೆ, ಮೂರನೆಯದಕ್ಕೆ 9000ನೇ ಪೋರ್ಟ್‌ನಲ್ಲಿ ಆ್ಯಪ್ ಎದ್ದು ನಿಲ್ಲುತ್ತದೆ. ಒಬ್ಬ ಸಣ್ಣ ಪ್ರಕಾಶಕರು ತಮ್ಮ ಓದುಗರಿಗೆ ತಿಂಗಳಿಗೊಮ್ಮೆ ಹೊಸ ಪುಸ್ತಕಗಳ ಪತ್ರ ಕಳಿಸಲು ಇದನ್ನು ಹಾಕಿಕೊಂಡರು ಎನ್ನಿ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷಕ್ಕೂ, ಮೂರು ವರ್ಷ ಯಾರೂ ಮುಟ್ಟದೆ ಓಡುವ ಸರ್ವಿಸ್‌ಗೂ ನಡುವಿನ ದಾರಿ ಮಾತ್ರ ಸ್ವಲ್ಪ ಉದ್ದ.

ಲಿನಕ್ಸ್ ಬೂಟ್ ಆಗುವಾಗ ಕರ್ನೆಲ್ ಮೊದಲು ಎಬ್ಬಿಸುವ ಪ್ರಕ್ರಿಯೆಗೆ 1ನೇ ನಂಬರು. ಮಿಕ್ಕವರನ್ನೆಲ್ಲ ಎಬ್ಬಿಸುವುದು ಅದರ ಹೊಣೆ. ಬಹಳ ವರ್ಷ ಆ ಜಾಗದಲ್ಲಿ ಕೂತಿದ್ದದ್ದು ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಳುವಳಿಯಾಗಿ ಬಂದ ‘ಇನಿಟ್’. ಆಗ ಪ್ರತಿ ಸರ್ವಿಸ್‌ಗೂ ಒಂದು ಶೆಲ್ ಸ್ಕ್ರಿಪ್ಟ್ ಬರೆಯಬೇಕಿತ್ತು, ಒಂದೊಂದೂ ನೂರಾರು ಸಾಲು. ಆ್ಯಪ್ ತಾನಾಗಿಯೇ ಹಿನ್ನೆಲೆಗೆ ಸರಿದು, ತನ್ನ ನಂಬರನ್ನು ಒಂದು ಫೈಲಿನಲ್ಲಿ ಬರೆದಿಡಬೇಕಿತ್ತು. ಆ ಫೈಲು ಅಳಿಸದೆ ಉಳಿದ ಕಡೆ, ಕರೆಂಟ್ ಹೋಗಿ ಬಂದ ಮೇಲೆ ಸ್ಕ್ರಿಪ್ಟ್ ಅದನ್ನು ನೋಡಿ ‘ಆ್ಯಪ್ ಆಗಲೇ ಓಡುತ್ತಿದೆ’ ಎಂದುಕೊಂಡು ಸುಮ್ಮನಾಗುತ್ತಿತ್ತು. ಯುಪಿಎಸ್ ಇಲ್ಲದ ಕಚೇರಿಗಳ ಸರ್ವರ್ ನೋಡಿಕೊಂಡವರಿಗೆ ಈ ತಮಾಷೆ ಚೆನ್ನಾಗಿ ಗೊತ್ತು.

2010ರಲ್ಲಿ ಲೆನಾರ್ಟ್ ಪೋಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ತಂದರು. ಮುಂದಿನ ವರ್ಷ ಫೆಡೋರಾ 15 ಅದನ್ನು ಒಪ್ಪಿಕೊಂಡಿತು. ಡೆಬಿಯನ್‌ನಲ್ಲಿ ದೊಡ್ಡ ಜಗಳವೇ ಆಯಿತು. 2014ರ ಫೆಬ್ರವರಿಯಲ್ಲಿ ಅಲ್ಲಿನ ತಾಂತ್ರಿಕ ಸಮಿತಿ ಮತ ಹಾಕಿ ಸಿಸ್ಟಮ್‌ಡಿ ಕಡೆ ನಿಂತಿತು, ಒಪ್ಪದವರು ಬೇರೆಯಾಗಿ ‘ದೇವುವಾನ್’ ಕಟ್ಟಿಕೊಂಡರು. ಆ ವಾದದಲ್ಲಿ ಎರಡೂ ಕಡೆ ಹುರುಳಿತ್ತು. ಆದರೆ ಆ್ಯಪ್ ಬರೆಯುವವರ ಮಟ್ಟಿಗೆ ಸಿಸ್ಟಮ್‌ಡಿ ಒಂದು ದೊಡ್ಡ ತಲೆನೋವು ಇಳಿಸಿತು ಎಂಬುದರಲ್ಲಿ ಅನುಮಾನವಿಲ್ಲ. ಕರ್ನೆಲ್‌ಗೆ 2008ರಲ್ಲಿ ಸೇರಿದ ಸಿಗ್ರೂಪ್ ಸೌಲಭ್ಯ ಬಳಸಿ ಅದು ಒಂದು ಸರ್ವಿಸ್ ಹುಟ್ಟುಹಾಕಿದ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಲೆಕ್ಕದಲ್ಲಿಡುತ್ತದೆ. ಆ್ಯಪ್ ಹಿನ್ನೆಲೆಗೆ ಸರಿಯುವ ಕಸರತ್ತು ಮಾಡಬೇಕಿಲ್ಲ, ಮುನ್ನೆಲೆಯಲ್ಲೇ ಓಡುತ್ತಾ ಹೇಳಬೇಕಾದ್ದನ್ನು ಪರದೆಗೆ ಬರೆಯುತ್ತಿದ್ದರೆ ಸಾಕು. ಮಿಕ್ಕದ್ದನ್ನು ಅದು ನೋಡಿಕೊಳ್ಳುತ್ತದೆ.

ನೋಡಿಕೊಳ್ಳಲು ಅದಕ್ಕೆ ಬೇಕಾದದ್ದು ಒಂದು ಸರ್ವಿಸ್ ಫೈಲ್. ಹತ್ತು ಹನ್ನೆರಡು ಸಾಲು, ಮೂರು ಭಾಗ. ‘ಯೂನಿಟ್’ ಭಾಗದಲ್ಲಿ ಇದೇನು, ಯಾರ ನಂತರ ಏಳಬೇಕು ಎಂಬುದು. ‘ಸರ್ವಿಸ್’ ಭಾಗದಲ್ಲಿ ಯಾವ ಆಜ್ಞೆ, ಯಾವ ಬಳಕೆದಾರ, ಬಿದ್ದರೆ ಏನು ಮಾಡಬೇಕು ಎಂಬುದು. ‘ಇನ್‌ಸ್ಟಾಲ್’ ಭಾಗದಲ್ಲಿ ಬೂಟ್ ಆಗುವಾಗ ಯಾವ ಹಂತದಲ್ಲಿ ಸೇರಿಕೊಳ್ಳಬೇಕು ಎಂಬುದು. ಬರೆಯುವುದು ಸುಲಭ. ಎಡವುವುದೂ ಅಷ್ಟೇ ಸುಲಭ.

ಮೊದಲ ಎಡವಟ್ಟು ಬಹುಪಾಲು ಹೀಗಿರುತ್ತದೆ. ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡಿದ ಲಿಸ್ಟ್‌ಮಾಂಕ್ ಸರ್ವಿಸ್ ಆಗಿ ಹಾಕಿದರೆ ಏಳುವುದಿಲ್ಲ. ಕಾರಣ, ಅದು ಕಾನ್ಫಿಗ್.ಟಾಮ್ಲ್ ಫೈಲನ್ನು ತನ್ನನ್ನು ಯಾವ ಫೋಲ್ಡರ್‌ನಲ್ಲಿ ನಿಂತು ಎಬ್ಬಿಸಿದರೋ ಅಲ್ಲಿ ಹುಡುಕುತ್ತದೆ. ಟರ್ಮಿನಲ್‌ನಲ್ಲಿದ್ದಾಗ ಅದು ಪ್ರಕಾಶಕರ ಹೋಮ್ ಫೋಲ್ಡರ್. ಸಿಸ್ಟಮ್‌ಡಿ ಎಬ್ಬಿಸಿದಾಗ, ಬೇರೆ ಹೇಳದಿದ್ದರೆ, ಎಲ್ಲದರ ಬೇರಾದ ‘/’. ಅಲ್ಲಿ ಫೈಲ್ ಇಲ್ಲ, ಆ್ಯಪ್ ಸಾಯುತ್ತದೆ. ಬಳಕೆದಾರ ತನ್ನ ಬ್ಯಾಶ್‌ಆರ್‌ಸಿಯಲ್ಲಿ ಬರೆದುಕೊಂಡ ಪಾತ್, ಪಾಸ್‌ವರ್ಡ್ ಇತ್ಯಾದಿ ಯಾವುದೂ ಸರ್ವಿಸ್‌ಗೆ ಕಾಣುವುದಿಲ್ಲ. ಹಾಗಾಗಿ ಸೆಟ್ಟಿಂಗ್ ಫೈಲಿನ ಪೂರ್ತಿ ವಿಳಾಸ ಆಜ್ಞೆಯಲ್ಲೇ ಇರಬೇಕು.

ಎರಡನೆಯದು ಇನ್ನೂ ಸೂಕ್ಷ್ಮ. ‘ಬಿದ್ದರೆ ಮತ್ತೆ ಎಬ್ಬಿಸು’ ಎಂದು ಬರೆದಾಯಿತು, ಇನ್ನೇನು ಎಂದು ನೆಮ್ಮದಿಯಾಗಿರುತ್ತಾರೆ. ಸಿಸ್ಟಮ್‌ಡಿ ಬಿದ್ದ ಆ್ಯಪನ್ನು ಬರೀ 100 ಮಿಲಿಸೆಕೆಂಡ್ ಕಾದು ಎಬ್ಬಿಸುತ್ತದೆ. 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿದರೂ ನಿಲ್ಲದಿದ್ದರೆ ಕೈಚೆಲ್ಲುತ್ತದೆ. ಸರ್ವರ್ ರೀಬೂಟ್ ಆಗಿ ಪೋಸ್ಟ್‌ಗ್ರೆಸ್ ಸುಧಾರಿಸಿಕೊಳ್ಳಲು ಕೆಲವು ಸೆಕೆಂಡ್ ತೆಗೆದುಕೊಂಡಿತೆನ್ನಿ, ಅಷ್ಟರಲ್ಲಿ ಲಿಸ್ಟ್‌ಮಾಂಕ್ ಐದು ಸಲ ಎದ್ದು ಐದು ಸಲ ಬಿದ್ದು ಮುಗಿದಿರುತ್ತದೆ. ಡೇಟಾಬೇಸ್ ಬಂದು ಕೂತಾಗ ಆ್ಯಪ್ ಇಲ್ಲ. ಎಬ್ಬಿಸುವ ಮುನ್ನ 5 ಸೆಕೆಂಡ್ ಕಾಯಲು ಒಂದು ಸಾಲು ಸೇರಿಸಿದರೆ 10 ಸೆಕೆಂಡಿನ ಕಿಟಕಿಯಲ್ಲಿ 5 ಯತ್ನ ಹಿಡಿಸುವುದೇ ಇಲ್ಲ. ಸಿಸ್ಟಮ್‌ಡಿ ಬೇಸರವಿಲ್ಲದೆ ಯತ್ನಿಸುತ್ತಲೇ ಇರುತ್ತದೆ. ‘ಪೋಸ್ಟ್‌ಗ್ರೆಸ್ ನಂತರ’ ಎಂದು ಬರೆದರೆ ಸಾಲದೇ ಎಂದು ಕೇಳುವವರುಂಟು. ಆ ಸಾಲು ಹೇಳುವುದು ಸರದಿಯನ್ನಷ್ಟೇ. ಪೋಸ್ಟ್‌ಗ್ರೆಸ್ ನಡುವೆ ಬಿದ್ದರೆ, ಅಥವಾ ಬೇರೆ ಯಂತ್ರದಲ್ಲಿದ್ದರೆ ಅದರಿಂದ ಉಪಯೋಗವಿಲ್ಲ.

‘ಸ್ಟಾರ್ಟ್’ ಕೊಟ್ಟು ‘ಎನೇಬಲ್’ ಮರೆಯುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸ್ಟಾರ್ಟ್ ಈಗಿನ ಮಾತು, ಎನೇಬಲ್ ಮುಂದಿನ ಬೂಟ್‌ನ ಮಾತು. ಎರಡೂ ಬೇಕು.

ಇನ್ನು ಆ್ಯಪ್ ಯಾರ ಹೆಸರಿನಲ್ಲಿ ಓಡಬೇಕು? ಏನೂ ಬರೆಯದಿದ್ದರೆ ಸಿಸ್ಟಮ್‌ಡಿ ಅದನ್ನು ರೂಟ್ ಹೆಸರಿನಲ್ಲಿ ಓಡಿಸುತ್ತದೆ. ಒಂದು ಕೋಣೆಯ ಬಾಡಿಗೆದಾರನಿಗೆ ಇಡೀ ವಠಾರದ ಬೀಗದಕೈ ಗೊಂಚಲು ಕೊಟ್ಟ ಹಾಗೆ ಇದು. ಲಿಸ್ಟ್‌ಮಾಂಕ್ ಯೋಜನೆ ಕೋಡಿನ ಜೊತೆಗೇ ಮಾದರಿ ಸರ್ವಿಸ್ ಫೈಲ್ ಇಟ್ಟಿದೆ, ಅದನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯ ಪಾಠ. ಅದರಲ್ಲಿ ‘ಡೈನಾಮಿಕ್ ಯೂಸರ್’ ಎಂಬ ಸಾಲಿದೆ: ಸರ್ವಿಸ್ ಏಳುವಾಗ ಒಬ್ಬ ತಾತ್ಕಾಲಿಕ ಬಳಕೆದಾರ ಹುಟ್ಟುತ್ತಾನೆ, ನಿಂತಾಗ ಇಲ್ಲವಾಗುತ್ತಾನೆ. ಹೊಸ ಅಧಿಕಾರ ಪಡೆಯದಂತೆ ತಡೆಯುವ ಸಾಲೂ ಇದೆ. ಇಂಥ ಬೇಲಿ ಎಷ್ಟು ಗಟ್ಟಿ ಎಂದು ಅಳೆಯಲು ‘ಸಿಸ್ಟಮ್‌ಡಿ-ಅನಲೈಜ್ ಸೆಕ್ಯುರಿಟಿ’ ಎಂಬ ಆಜ್ಞೆ ಇದ್ದು, 0ಯಿಂದ 10ರವರೆಗೆ ಅಂಕ ಕೊಡುತ್ತದೆ. ಇಲ್ಲಿ ಅಂಕ ಹೆಚ್ಚು ಬಂದಷ್ಟೂ ಅಪಾಯ. ಯಾವ ಬೇಲಿಯೂ ಇಲ್ಲದೆ ರೂಟ್ ಆಗಿ ಓಡುವ ಸರ್ವಿಸ್‌ಗೆ 9.6 ಬಂದು, ಪಕ್ಕದಲ್ಲಿ ಹೆದರಿದ ಮುಖದ ಎಮೋಜಿ ಕಾಣುವುದು ಮಾಮೂಲು. ಅಂಕವನ್ನೇ ಬೆನ್ನಟ್ಟಿ ಆ್ಯಪ್ ಏಳದಂತೆ ಮಾಡಿಕೊಳ್ಳಬೇಕಿಲ್ಲ, ಆದರೆ ನಾಲ್ಕೈದು ಸಾಲಿನಿಂದ ಅದು ಗಣನೀಯವಾಗಿ ಇಳಿಯುವುದನ್ನು ನೋಡಿದರೆ ಬರೆಯದಿರಲು ನೆಪ ಸಿಗುವುದಿಲ್ಲ.

ಕಾನ್ಫಿಗ್ ಫೈಲಿನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇರುತ್ತದೆ. ಅಜಾಗರೂಕತೆಯಿಂದ ಹಾಗೇ ಇಟ್ಟರೆ ಆ ಸರ್ವರ್‌ಗೆ ಲಾಗಿನ್ ಆಗುವ ಯಾರು ಬೇಕಾದರೂ ಓದಬಹುದು. ಇದಕ್ಕೆ ಚೊಕ್ಕವಾದ ದಾರಿ ಇದೆ. ಲಿಸ್ಟ್‌ಮಾಂಕ್ ತನ್ನ ಸೆಟ್ಟಿಂಗ್‌ಗಳನ್ನು ಎನ್‌ವಿರಾನ್‌ಮೆಂಟ್ ವೇರಿಯಬಲ್ ಮೂಲಕವೂ ತೆಗೆದುಕೊಳ್ಳುತ್ತದೆ. ಪಾಸ್‌ವರ್ಡ್ ಇರುವ ಸಾಲನ್ನು ರೂಟ್ ಮಾತ್ರ ಓದಬಲ್ಲ ಬೇರೆ ಫೈಲಿನಲ್ಲಿಟ್ಟು ಸರ್ವಿಸ್ ಫೈಲಿನಲ್ಲಿ ಅದರ ವಿಳಾಸ ಕೊಟ್ಟರೆ, ಸಿಸ್ಟಮ್‌ಡಿಯೇ ಓದಿ ಆ್ಯಪ್‌ನ ಕೈಗೆ ಕೊಡುತ್ತದೆ. ಹುಟ್ಟಿ ಸಾಯುವ ಆ ತಾತ್ಕಾಲಿಕ ಬಳಕೆದಾರನಿಗೆ ಫೈಲ್ ತೆರೆಯುವ ಹಕ್ಕು ಬೇಕಾಗಿಯೇ ಇಲ್ಲ.

ಇಷ್ಟು ಮಾಡಿದರೆ ಒಂದು ಸರ್ವರ್‌ನ ಮಟ್ಟಿಗೆ ಕೆಲಸ ಮುಗಿಯಿತು. ಇದನ್ನೇ ಇನ್ನೊಬ್ಬರ ಯಂತ್ರಕ್ಕೆ ಕಳಿಸಬೇಕಾದಾಗ ಪ್ಯಾಕೇಜ್ ಮಾತು ಬರುತ್ತದೆ. ಡೆಬಿಯನ್ ಮತ್ತು ಉಬುಂಟುವಿನ ‘ಡೆಬ್’ ಫೈಲನ್ನು ಬಿಚ್ಚಿ ನೋಡಿದವರಿಗೆ ಅದರ ಸರಳತೆ ಕಂಡು ಆಶ್ಚರ್ಯವಾಗುತ್ತದೆ. ಒಳಗೆ ಮೂರೇ ವಸ್ತು. ಒಂದರಲ್ಲಿ 2.0 ಎಂಬ ಒಂದೇ ಸಾಲು, ಅದು ಡೆಬ್ ಮಾದರಿಯ ಆವೃತ್ತಿ. ಎರಡನೆಯದರಲ್ಲಿ ಹೆಸರು, ಆವೃತ್ತಿ, ಏನೇನು ಬೇಕು ಎಂಬ ವಿವರ ಮತ್ತು ಹಾಕುವ ಮುನ್ನ, ಹಾಕಿದ ಮೇಲೆ, ತೆಗೆಯುವ ಮುನ್ನ, ತೆಗೆದ ಮೇಲೆ ಓಡಬೇಕಾದ ಪುಟ್ಟ ಸ್ಕ್ರಿಪ್ಟ್‌ಗಳು. ಮೂರನೆಯದರಲ್ಲಿ ಫೈಲುಗಳು, ಅವು ಸರ್ವರ್‌ನಲ್ಲಿ ಎಲ್ಲಿ ಕೂರಬೇಕೋ ಅದೇ ಫೋಲ್ಡರ್ ವಿನ್ಯಾಸದಲ್ಲಿ. ಬೈನರಿ ‘/ಯುಎಸ್‌ಆರ್/ಬಿನ್’ನಲ್ಲಿ, ಸೆಟ್ಟಿಂಗ್ ‘/ಇಟಿಸಿ’ಯಲ್ಲಿ, ಓಡುವಾಗ ಹುಟ್ಟುವ ಡೇಟಾ ‘/ವಾರ್/ಲಿಬ್’ನಲ್ಲಿ. ಇದನ್ನು ಕೈಯಾರೆ ಕಟ್ಟುವ ಗೋಜು ಬೇಡವೆಂದರೆ ‘ಎನ್‌ಎಫ್‌ಪಿಎಂ’ ಎಂಬ ಸಲಕರಣೆ ಇದೆ. ಒಂದು ಯಾಮ್ಲ್ ಫೈಲ್ ಬರೆದುಕೊಟ್ಟರೆ ಡೆಬ್ಬೂ ಫೆಡೋರಾದ ಆರ್‌ಪಿಎಮ್ಮೂ ಎರಡೂ ಸಿದ್ಧ.

ಮೂರು ಜಾಗ ಯಾಕೆ, ಎಲ್ಲ ಒಂದೇ ಫೋಲ್ಡರ್‌ನಲ್ಲಿದ್ದರೆ ಹುಡುಕಲು ಸುಲಭವಲ್ಲವೇ ಎಂದು ಹೊಸಬರು ಕೇಳುವುದು ಸಹಜ. ಮೊದಲ ದಿನ ಸುಲಭ, ನಿಜ. ಹೊಸ ಆವೃತ್ತಿ ಬಂದ ದಿನ ಉತ್ತರ ಸಿಗುತ್ತದೆ. ಬೈನರಿ ಪ್ಯಾಕೇಜಿನ ಸ್ವತ್ತು, ಅದನ್ನು ಕೇಳದೆ ಬದಲಾಯಿಸಬಹುದು. ಡೇಟಾ ಬಳಕೆದಾರನ ಸ್ವತ್ತು, ಅದನ್ನು ಮುಟ್ಟಕೂಡದು. ಸೆಟ್ಟಿಂಗ್ ಫೈಲ್ ಇಬ್ಬರದೂ ಹೌದು, ಹಾಗಾಗಿ ತಕರಾರು ಇರುವುದು ಅಲ್ಲೇ.

ಡೆಬಿಯನ್ ಈ ತಕರಾರನ್ನು ಬಗೆಹರಿಸುವ ರೀತಿ ಗಮನಿಸಬೇಕಾದ್ದು. ಪ್ರಕಾಶಕರು ಪೋರ್ಟ್ ನಂಬರ್ ಬದಲಾಯಿಸಿಕೊಂಡಿದ್ದಾರೆ, ಹೊಸ ಪ್ಯಾಕೇಜ್ ಕೂಡ ಅದೇ ಫೈಲಿನಲ್ಲಿ ಎರಡು ಸಾಲು ಹೊಸದಾಗಿ ಸೇರಿಸಿದೆ. ಆಗ ಅಪ್‌ಗ್ರೇಡ್ ನಡುವೆ ನಿಲ್ಲುತ್ತದೆ. ಈ ಫೈಲನ್ನು ನೀವೋ ನಿಮ್ಮ ಸ್ಕ್ರಿಪ್ಟೋ ತಿದ್ದಿದ್ದೀರಿ, ಪ್ಯಾಕೇಜಿನವರೂ ಹೊಸದು ಕಳಿಸಿದ್ದಾರೆ, ಏನು ಮಾಡಲಿ ಎಂದು ಕೇಳುತ್ತದೆ. ವೈ ಒತ್ತಿದರೆ ಹೊಸದು, ಎನ್ ಒತ್ತಿದರೆ ಹಳೆಯದು, ಡಿ ಒತ್ತಿದರೆ ಎರಡರ ವ್ಯತ್ಯಾಸ ಕಾಣುತ್ತದೆ, ಜೆಡ್ ಒತ್ತಿದರೆ ಸ್ವಲ್ಪ ಹೊರಗೆ ಹೋಗಿ ಪರಿಶೀಲಿಸಿ ಬರಲು ಅವಕಾಶ. ಏನೂ ಹೇಳದೆ ಎಂಟರ್ ಒತ್ತಿದರೆ ಬಳಕೆದಾರನ ಹಳೆಯ ಫೈಲೇ ಉಳಿಯುತ್ತದೆ. ಈ ಸೌಜನ್ಯವೆಲ್ಲ ಪುಕ್ಕಟೆ ಸಿಗುವುದು ಆ ಫೈಲ್ ಸೆಟ್ಟಿಂಗ್ ಫೈಲ್ ಎಂದು ಪ್ಯಾಕೇಜಿನಲ್ಲಿ ಗುರುತು ಹಾಕಿದ್ದರೆ ಮಾತ್ರ. ಮರೆತರೆ ಪ್ರಕಾಶಕರ ಬದಲಾವಣೆ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಕಾರಣ ಅವರಿಗೆ ತಿಳಿಯುವುದು ಪತ್ರ ಹೋಗದ ದಿನ.

ಡೇಟಾಬೇಸ್ ಇರುವ ಆ್ಯಪ್‌ಗೆ ಇನ್ನೊಂದು ತೊಡಕುಂಟು. ಹೊಸ ಆವೃತ್ತಿಗೆ ಟೇಬಲ್‌ಗಳ ರಚನೆಯೂ ಬದಲಾಗಬೇಕಿರಬಹುದು. ಲಿಸ್ಟ್‌ಮಾಂಕ್‌ನ ಮಾದರಿ ಸರ್ವಿಸ್ ಫೈಲ್ ಆ್ಯಪ್ ಏಳುವ ಮುನ್ನ ಈ ಬದಲಾವಣೆಯನ್ನು ತಾನೇ ಮಾಡಿಸುತ್ತದೆ. ಅನುಕೂಲವೇ ಸರಿ, ಆದರೆ ಹಳೆಯ ಬೈನರಿಗೆ ಹಿಂತಿರುಗುವ ದಾರಿ ಅಲ್ಲಿಗೆ ಮುಚ್ಚಿದ ಹಾಗೆ. ಅಪ್‌ಗ್ರೇಡ್‌ಗೆ ಮುನ್ನ ಪೋಸ್ಟ್‌ಗ್ರೆಸ್ ಬ್ಯಾಕಪ್ ತೆಗೆದುಕೊಳ್ಳಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಕೈಪಿಡಿ ಓದುವವರು ಎಷ್ಟು ಜನ? ಆ ಬ್ಯಾಕಪ್ಪನ್ನೂ ಅದೇ ಜಾಗದಲ್ಲಿ, ರಚನೆ ಬದಲಿಸುವ ಸಾಲಿನ ಹಿಂದಿನ ಸಾಲಾಗಿ ಸೇರಿಸುವುದೇ ಕ್ಷೇಮ ಎಂಬುದು ಈ ಅಂಕಣದ ಪಕ್ಷಪಾತ.

ಹೀಗಿರುವಾಗ ಡಾಕರ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎಂಬ ಮಾತೂ ಬಂದೇ ಬರುತ್ತದೆ. 2013ರಲ್ಲಿ ಡಾಕರ್ ಬಂದಾಗಿನಿಂದ ಬಹಳ ಯೋಜನೆಗಳು ಕಂಟೇನರ್ ಒಂದನ್ನೇ ಕೊಟ್ಟು ಕೈತೊಳೆದುಕೊಳ್ಳುತ್ತಿವೆ. ನಾಲ್ಕಾರು ಸರ್ವಿಸ್, ನಿರ್ದಿಷ್ಟ ಆವೃತ್ತಿಯ ಹತ್ತಾರು ಲೈಬ್ರರಿ ಬೇಡುವ ಆ್ಯಪ್‌ಗೆ ಅದು ಸರಿಯಾದ ದಾರಿ. ಒಂದೇ ಬೈನರಿಯ ಆ್ಯಪ್‌ಗೆ, 1 ಜಿಬಿ ಮೆಮೊರಿಯ ಬಾಡಿಗೆ ಸರ್ವರ್‌ನಲ್ಲಿ, ಅದು ಕೊಂಚ ಅತಿಯಾಯಿತು. ಮೇಲಾಗಿ ಪ್ರಶ್ನೆಗಳು ತಪ್ಪುವುದಿಲ್ಲ. ಡಾಕರ್ ತಾನೇ ಸಿಸ್ಟಮ್‌ಡಿಯ ಅಡಿಯಲ್ಲಿ ಓಡುವ ಒಂದು ಸರ್ವಿಸ್. ಡೇಟಾ ಎಲ್ಲಿರಬೇಕು ಎಂಬುದು ‘ವಾಲ್ಯೂಮ್’ ಹೆಸರಿನಲ್ಲಿ ಮರಳಿ ಬರುತ್ತದೆ. ಡಾಕರ್‌ನಂಥದೇ ಇನ್ನೊಂದು ಸಲಕರಣೆಯಾದ ಪಾಡ್‌ಮನ್‌ನ 4.4ನೇ ಆವೃತ್ತಿಯ ಜೊತೆ 2023ರಲ್ಲಿ ಬಂದ ‘ಕ್ವಾಡ್‌ಲೆಟ್’ ಅಂತೂ ಕಂಟೇನರನ್ನೇ ಸರ್ವಿಸ್ ಫೈಲಿನ ಧಾಟಿಯಲ್ಲಿ ಬರೆಯಿಸುತ್ತದೆ. ಸುತ್ತಿ ಬಳಸಿ ಬಂದು ನಿಂತದ್ದು ಅದೇ ಹತ್ತು ಹನ್ನೆರಡು ಸಾಲಿನ ಮುಂದೆ.

ಪ್ಯಾಕೇಜ್ ಬೇಡ, ಒಂದು ಇನ್‌ಸ್ಟಾಲ್ ಸ್ಕ್ರಿಪ್ಟ್ ಕೊಟ್ಟರಾಯಿತು, ಜನ ಅದನ್ನು ರೂಟ್ ಆಗಿ ಓಡಿಸಿಕೊಳ್ಳಲಿ ಎನ್ನುವವರು 2011ರ ‘ಬಂಬಲ್‌ಬೀ’ ಪ್ರಕರಣವನ್ನು ನೆನೆಯಬೇಕು. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಿಗಾಗಿ ಮಾಡಿದ ಮುಕ್ತ ಯೋಜನೆ ಅದು. ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ‘/ಯುಎಸ್‌ಆರ್’ ಒಳಗಿನ ಯಾವುದೋ ಸಣ್ಣ ಫೋಲ್ಡರ್ ಅಳಿಸುವ ಸಾಲಿತ್ತು. ‘/ಯುಎಸ್‌ಆರ್’ ಆದ ಮೇಲೆ ಒಂದು ಸ್ಪೇಸ್ ಹೆಚ್ಚಾಗಿ ಬಿದ್ದಿತ್ತು, ಅಷ್ಟೇ. ಓಡಿಸಿದವರ ಯಂತ್ರದಲ್ಲಿ ‘/ಯುಎಸ್‌ಆರ್’ ಪೂರ್ತಿ ಗುಡಿಸಿಹೋಯಿತು. ಪ್ಯಾಕೇಜ್ ವ್ಯವಸ್ಥೆಗೆ ತಾನು ಹಾಕಿದ ಪ್ರತಿ ಫೈಲಿನ ಪಟ್ಟಿ ಗೊತ್ತಿರುತ್ತದೆ, ತೆಗೆಯುವಾಗ ಅವನ್ನಷ್ಟೇ ತೆಗೆಯುತ್ತದೆ. ಡೆಬಿಯನ್‌ನಲ್ಲಿ ತೆಗೆಯುವುದಕ್ಕೂ ಎರಡು ಬಗೆ. ‘ರಿಮೂವ್’ ಎಂದರೆ ಸೆಟ್ಟಿಂಗ್ ಫೈಲ್ ಉಳಿಯುತ್ತದೆ, ‘ಪರ್ಜ್’ ಎಂದರೆ ಅದೂ ಹೋಗುತ್ತದೆ. ಪರ್ಜ್ ಎಂದಾಗಲೂ ಪೋಸ್ಟ್‌ಗ್ರೆಸ್ ಪ್ಯಾಕೇಜ್ ಡೇಟಾಬೇಸನ್ನು ಅಳಿಸಲೇ ಎಂದು ಬೇರೆಯಾಗಿ ಕೇಳುತ್ತದೆ. ಸಣ್ಣ ಯೋಜನೆಗಳು ನಕಲು ಮಾಡಬೇಕಾದ ನಡವಳಿಕೆ ಇದು.

ಡೆಬಿಯನ್‌ನವರ ಬಳಿ ‘ಪಿಯುಪಾರ್ಟ್ಸ್’ ಎಂಬ ಪರೀಕ್ಷಕ ತಂತ್ರಾಂಶವಿದೆ. ಅದು ಬರೀ ಬುನಾದಿ ವ್ಯವಸ್ಥೆಯಿರುವ ಜಾಗದಲ್ಲಿ ಪ್ಯಾಕೇಜನ್ನು ಹಾಕಿ, ಅಪ್‌ಗ್ರೇಡ್ ಮಾಡಿ, ತೆಗೆದು, ಪರ್ಜ್ ಮಾಡಿ, ಎಲ್ಲ ಮುಗಿದ ಮೇಲೆ ಎಲ್ಲಾದರೂ ಒಂದು ಫೈಲ್ ಉಳಿದಿದೆಯೇ ಎಂದು ತಡಕಿ ವರದಿ ಕೊಡುತ್ತದೆ. ಅಷ್ಟು ದೂರ ಹೋಗಲಾಗದವರು ಲ್ಯಾಪ್‌ಟಾಪ್‌ನಲ್ಲೇ ಒಂದು ಖಾಲಿ ವರ್ಚುವಲ್ ಯಂತ್ರ ತೆರೆದುಕೊಂಡು ಇದನ್ನು ಕೈಯಾರೆ ಮಾಡಬಹುದು. ಹಳೆಯ ಆವೃತ್ತಿ ಹಾಕಿ, ನಾಲ್ಕು ಚಂದಾದಾರರನ್ನು ಸೇರಿಸಿ, ಪೋರ್ಟ್ ಬದಲಿಸಿ, ಹೊಸ ಆವೃತ್ತಿಗೆ ಏರಿಸಿ. ಯಂತ್ರವನ್ನು ಶಟ್‌ಡೌನ್ ಮಾಡದೆ ಸೀದಾ ಪವರ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಲಾಗಿನ್ ಕೂಡ ಆಗದೆ ಹೊರಗಿನಿಂದ ಬ್ರೌಸರ್‌ನಲ್ಲಿ ಪುಟ ತೆರೆದು ನೋಡಿ. ನಾಲ್ವರೂ ಇದ್ದು, ಪುಟ ಬದಲಿಸಿದ ಪೋರ್ಟ್‌ನಲ್ಲೇ ತೆರೆದುಕೊಂಡರೆ ಡೆಬ್ ಫೈಲನ್ನು ಹೊರಗೆ ಬಿಡಲು ಅಡ್ಡಿಯಿಲ್ಲ.